ಅಮೆರಿಕದ ಕಾಲೇಜು ಫುಟ್‌ಬಾಲ್: ನೂರು ವರ್ಷದ ಲೀಗ್ ಒಡೆದ ಟಿವಿ ಹಣ, ಏನಿದು ಮರುವಿಂಗಡಣೆ? ಇಲ್ಲಿದೆ ಪೂರ್ಣ ವಿವರ

ಪೆಸಿಫಿಕ್ ತೀರದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಈಗ ಆಡುತ್ತಿರುವುದು 'ಅಟ್ಲಾಂಟಿಕ್ ಕೋಸ್ಟ್' ಹೆಸರಿನ ಲೀಗ್‌ನಲ್ಲಿ. 'ಬಿಗ್ ಟೆನ್' ಎಂಬ ಲೀಗ್‌ನಲ್ಲಿ ಇರುವುದು ಹತ್ತಲ್ಲ, 18 ವಿಶ್ವವಿದ್ಯಾಲಯಗಳು. 'ಬಿಗ್ 12'ರಲ್ಲಿ 16. 1915ರಲ್ಲಿ ಹುಟ್ಟಿದ್ದ ಪಶ್ಚಿಮ ಕರಾವಳಿಯ 'ಪ್ಯಾಕ್-12' ಲೀಗ್‌ನಲ್ಲಿ 2024ರ ಋತುವಿನ ವೇಳೆಗೆ ಉಳಿದದ್ದು ಎರಡೇ ತಂಡ.

ಹೆಸರಿಗೂ ನಕ್ಷೆಗೂ ಹೊಂದಿಕೆಯಾಗದ ಈ ಗೊಂದಲದ ಹಿಂದಿರುವುದು ಒಂದೇ ಸಂಗತಿ: ಟಿವಿ ಪ್ರಸಾರ ಹಕ್ಕಿನ ಹಣ. ಅಮೆರಿಕದ ಕಾಲೇಜು ಫುಟ್‌ಬಾಲ್ ಲೀಗ್‌ಗಳ ಮರುವಿಂಗಡಣೆ ಎಂದರೇನು, ಅದು ಯಾಕೆ ನಡೆಯುತ್ತಿದೆ, ಇದರಲ್ಲಿ ಗೆದ್ದವರಾರು, ಸೋತವರಾರು ಎಂಬ ವಿವರ ಇಲ್ಲಿದೆ.

ಕಾಲೇಜು ಆಟಕ್ಕೆ ಇಷ್ಟು ಹಣವೇ?

ಮೊದಲಿಗೆ ಒಂದು ಸ್ಪಷ್ಟನೆ. ಇಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿ, ಸುನಿಲ್ ಛೆಟ್ರಿ ಆಡುವ ಆಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.

ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಗಳು ನಡೆಯುವುದು ಎಷ್ಟೋ ಬಾರಿ ಅಕ್ಕಪಕ್ಕದ ಊರಿನವರಿಗೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಪರಿಸ್ಥಿತಿ ತದ್ವಿರುದ್ಧ. ಅಲ್ಲಿನ ಅತಿ ದೊಡ್ಡ ಕ್ರೀಡಾಂಗಣಗಳು ವೃತ್ತಿಪರ ತಂಡಗಳದ್ದಲ್ಲ, ವಿಶ್ವವಿದ್ಯಾಲಯಗಳದ್ದು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಆಸನ ಸಾಮರ್ಥ್ಯವೇ 1,07,601. ವೃತ್ತಿಪರ ತಂಡವಿಲ್ಲದ ಎಷ್ಟೋ ರಾಜ್ಯ, ಊರುಗಳಲ್ಲಿ ವಿಶ್ವವಿದ್ಯಾಲಯದ ತಂಡವೇ ಮನೆಮಂದಿಯ ತಂಡ. ಪ್ರತಿ ಶರತ್ಕಾಲದ ಶನಿವಾರ ಹಳೆ ವಿದ್ಯಾರ್ಥಿಗಳು, ಅವರ ಮಕ್ಕಳು, ಮೊಮ್ಮಕ್ಕಳು ಒಂದೇ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣ ತುಂಬುತ್ತಾರೆ.

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರಬೇಕೆಂದರೆ ಹೈಸ್ಕೂಲ್ ಮುಗಿದು ಕನಿಷ್ಠ ಮೂರು ವರ್ಷ ಆಗಿರಬೇಕು ಎಂಬ ನಿಯಮವಿದೆ. ಹೀಗಾಗಿ ದೇಶದ ಅತ್ಯುತ್ತಮ ಯುವ ಆಟಗಾರರೆಲ್ಲ ಕಾಲೇಜು ತಂಡದ ಮೂಲಕವೇ ಹಾದು ಹೋಗುತ್ತಾರೆ. ಪ್ರತಿಭೆಯೂ ಇದೆ, ಅಭಿಮಾನವೂ ಇದೆ. ಟಿವಿ ಕಂಪನಿಗಳಿಗೆ ಬೇಕಾಗಿರುವುದು ಇವೆರಡೇ.

'ಕಾನ್ಫರೆನ್ಸ್' ಎಂದರೇನು?

ಅಮೆರಿಕದಲ್ಲಿ ಮೊದಲ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಮೈದಾನದಲ್ಲಿ ಗಾಯ, ಸಾವುಗಳು ಹೆಚ್ಚಾದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1905ರಲ್ಲಿ ಮಧ್ಯಪ್ರವೇಶಿಸಿದರು. ಮರುವರ್ಷ ಹುಟ್ಟಿದ ಸಂಸ್ಥೆಯೇ ಮುಂದೆ ಎನ್‌ಸಿಎಎ ಆಯಿತು. ಕಾಲೇಜು ಕ್ರೀಡೆಗಳ ನಿಯಮ ರೂಪಿಸುವ ರಾಷ್ಟ್ರೀಯ ಸಂಸ್ಥೆ ಇದು.

ಆದರೆ ಪಂದ್ಯಗಳ ವೇಳಾಪಟ್ಟಿ, ಪ್ರಸಾರ ಒಪ್ಪಂದ, ಆದಾಯ ಹಂಚಿಕೆ ನೋಡಿಕೊಳ್ಳುವುದು 'ಕಾನ್ಫರೆನ್ಸ್'ಗಳು. ಅಕ್ಕಪಕ್ಕದ ರಾಜ್ಯಗಳ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಕ್ಕೂಟಗಳಿವು. ಬಿಗ್ ಟೆನ್ ಹುಟ್ಟಿದ್ದು 1896ರಲ್ಲಿ. ರೈಲಿನಲ್ಲಿ ಹೋಗಿ ಆಡಿ ಬರಬಹುದಾದಷ್ಟು ದೂರ, ಒಂದೇ ಬಗೆಯ ವಿದ್ಯಾಸಂಸ್ಥೆಗಳು, ತಲೆಮಾರುಗಳ ಸ್ಪರ್ಧೆ - ಇವೇ ಆಗ ಲೀಗ್‌ಗಳ ತಳಹದಿ. ಭೂಗೋಳವೇ ಲೀಗ್ ಆಗಿತ್ತು.

1984ರ ತೀರ್ಪು: ಎಲ್ಲದರ ಆರಂಭ

1950ರ ದಶಕದ ಆರಂಭದಿಂದ ಟಿವಿ ಪ್ರಸಾರದ ಮೇಲೆ ಎನ್‌ಸಿಎಎಗೆ ಪೂರ್ಣ ಹಿಡಿತವಿತ್ತು. ವಾರಕ್ಕೆ ಬೆರಳೆಣಿಕೆಯ ಪಂದ್ಯಗಳು ಮಾತ್ರ ಟಿವಿಯಲ್ಲಿ ಬರುತ್ತಿದ್ದವು. ಒಂದು ತಂಡ ಎಷ್ಟು ಬಾರಿ ತೆರೆಯ ಮೇಲೆ ಕಾಣಿಸಿಕೊಳ್ಳಬಹುದು ಎಂಬುದಕ್ಕೂ ಮಿತಿ ಇತ್ತು. ಟಿವಿ ಬಂದರೆ ಜನ ಮೈದಾನಕ್ಕೆ ಬರುವುದಿಲ್ಲ, ದೊಡ್ಡ ತಂಡಗಳೇ ಎಲ್ಲವನ್ನೂ ಬಾಚಿಕೊಳ್ಳುತ್ತವೆ ಎಂಬುದು ಎನ್‌ಸಿಎಎ ವಾದ.

ದೊಡ್ಡ ತಂಡಗಳಿಗೆ ಇದು ಸರಿಬರಲಿಲ್ಲ. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟ್ ಮೆಟ್ಟಿಲೇರಿದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ನೀಡಿತು. ಈ ಏಕಸ್ವಾಮ್ಯ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಭಿನ್ನ ಅಭಿಪ್ರಾಯ ತಳೆದ ಇಬ್ಬರಲ್ಲಿ ನ್ಯಾಯಮೂರ್ತಿ ಬೈರನ್ ವೈಟ್ ಒಬ್ಬರು. ಅವರು ಸ್ವತಃ ಕೊಲರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಾರೆಯಾಗಿದ್ದವರು. ಶಿಕ್ಷಣದ ಭಾಗವಾದ ಆಟವನ್ನು ಬರೀ ವ್ಯಾಪಾರವಾಗಿ ನೋಡಬಾರದು ಎಂಬುದು ಅವರ ನಿಲುವಾಗಿತ್ತು.

ಈ ತೀರ್ಪಿನ ಪರಿಣಾಮ ಅರ್ಥವಾಗಬೇಕಾದರೆ ಐಪಿಎಲ್ ನೆನಪಿಸಿಕೊಳ್ಳಬೇಕು. ಅಲ್ಲಿ ಹತ್ತೂ ತಂಡಗಳ ಪರವಾಗಿ ಬಿಸಿಸಿಐ ಒಂದೇ ಕಡೆ ಹಕ್ಕು ಮಾರುತ್ತದೆ. 2023-27ರ ಅವಧಿಗೆ ಬಂದ 48,390 ಕೋಟಿ ರೂಪಾಯಿಯಲ್ಲಿ ಎಲ್ಲ ತಂಡಗಳಿಗೂ ಪಾಲಿದೆ. ಎನ್‌ಎಫ್‌ಎಲ್‌ನದ್ದೂ ಇದೇ ಪದ್ಧತಿ. 1961ರ ಕ್ರೀಡಾ ಪ್ರಸಾರ ಕಾಯ್ದೆ ವೃತ್ತಿಪರ ಲೀಗ್‌ಗಳಿಗೆ ಹೀಗೆ ಒಟ್ಟಾಗಿ ಮಾರಲು ವಿನಾಯಿತಿ ಕೊಟ್ಟಿದೆ. ಕಾಲೇಜುಗಳಿಗೆ ಆ ವಿನಾಯಿತಿ ಇಲ್ಲ. ಹೀಗಾಗಿ 1984ರ ನಂತರ ಪ್ರತಿ ಕಾನ್ಫರೆನ್ಸ್ ತನ್ನ ಸರಕನ್ನು ತಾನೇ ಮಾರುವ ಅಂಗಡಿಯಾಯಿತು. ಪಕ್ಕದ ಅಂಗಡಿಯ ಒಳ್ಳೆಯ ಸರಕನ್ನು ಎಳೆದುಕೊಂಡಷ್ಟೂ ಲಾಭ!

ನೋಟ್ರೆ ಡೇಮ್ ವಿಶ್ವವಿದ್ಯಾಲಯ 1991ರಿಂದ ತನ್ನ ತವರು ಪಂದ್ಯಗಳನ್ನು ಎನ್‌ಬಿಸಿ ವಾಹಿನಿಗೆ ಪ್ರತ್ಯೇಕವಾಗಿ ಕೊಟ್ಟಿತು. ದಕ್ಷಿಣದ ಎಸ್‌ಇಸಿ ಕಾನ್ಫರೆನ್ಸ್ 1992ರಲ್ಲಿ 12 ತಂಡಗಳಿಗೆ ಬೆಳೆದು, ಫೈನಲ್ ಪಂದ್ಯವೊಂದನ್ನು ಹುಟ್ಟುಹಾಕಿ ಅದನ್ನೂ ಮಾರಿತು. ಟೆಕ್ಸಾಸ್ ತಂಡಗಳ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿಹೋಯಿತು. ಅದರ ನಾಲ್ಕು ತಂಡಗಳು 'ಬಿಗ್ ಎಯ್ಟ್' ಜೊತೆ ಸೇರಿ ಬಿಗ್ 12 ಆಯಿತು.

ಕೇಬಲ್ ಲೆಕ್ಕಾಚಾರ

2007ರಲ್ಲಿ ಬಿಗ್ ಟೆನ್ ತನ್ನದೇ ಟಿವಿ ವಾಹಿನಿ ಆರಂಭಿಸಿದಾಗ ಆಟದ ಲೆಕ್ಕವೇ ಬದಲಾಯಿತು. ಅಮೆರಿಕದ ಕೇಬಲ್ ವ್ಯವಸ್ಥೆಯಲ್ಲಿ ವಾಹಿನಿ ನೋಡಲಿ, ಬಿಡಲಿ, ಪ್ಯಾಕೇಜ್‌ನಲ್ಲಿದ್ದರೆ ಪ್ರತಿ ಮನೆಯಿಂದ ತಿಂಗಳಿಗಿಷ್ಟು ಹಣ ವಾಹಿನಿಗೆ ಸಿಗುತ್ತದೆ. ಲೀಗ್‌ನ ತಂಡವಿರುವ ರಾಜ್ಯದಲ್ಲಿ ಆ ದರ ಹೆಚ್ಚು.

2014ರಲ್ಲಿ ಬಿಗ್ ಟೆನ್‌ಗೆ ರಟ್‌ಗರ್ಸ್ ಮತ್ತು ಮೇರಿಲ್ಯಾಂಡ್ ಸೇರಿದ್ದು ಇದೇ ಕಾರಣಕ್ಕೆ. ಆಟದಲ್ಲಿ ಇವು ಬಲಾಢ್ಯ ತಂಡಗಳಾಗಿರಲಿಲ್ಲ. ಆದರೆ ಒಂದರ ಬೆನ್ನಿಗೆ ನ್ಯೂಯಾರ್ಕ್ ಮಹಾನಗರದ ಮನೆಗಳಿದ್ದವು, ಇನ್ನೊಂದರ ಬೆನ್ನಿಗೆ ವಾಷಿಂಗ್ಟನ್ ಡಿಸಿ. ತಂಡ ಗೆಲ್ಲುತ್ತದೆಯೇ ಎನ್ನುವುದಕ್ಕಿಂತ ಸುತ್ತ ಎಷ್ಟು ಟಿವಿಗಳಿವೆ ಎಂಬುದು ಮುಖ್ಯವಾಯಿತು.

ಕಾಲ ಮತ್ತೆ ತಿರುಗಿತು. ಜನ ಕೇಬಲ್ ಬಿಟ್ಟು ಒಟಿಟಿಯತ್ತ ಹೊರಳಿದರು. ಸಿನಿಮಾ, ಧಾರಾವಾಹಿಗಳನ್ನು ಯಾವಾಗ ಬೇಕಾದರೂ ನೋಡಬಹುದು. ನೇರಪ್ರಸಾರಕ್ಕೆ ಜನರನ್ನು ಕೂರಿಸುವುದು, ಜಾಹೀರಾತು ತೋರಿಸುವುದು ಕ್ರೀಡೆಯೊಂದಕ್ಕೇ ಸಾಧ್ಯ ಎಂಬ ಸ್ಥಿತಿ ಬಂತು. ಈಗ ಮನೆಗಳ ಸಂಖ್ಯೆಗಿಂತ ದೇಶವೇ ಕೂತು ನೋಡುವ ದೊಡ್ಡ ಹೆಸರಿನ ತಂಡಗಳಿಗೆ ಬೆಲೆ ಬಂತು. ಹೊಸ ಬೇಟೆ ಶುರುವಾಯಿತು.

2021-23: ಮೂರು ಬೇಸಿಗೆ, ಅಡಿಮೇಲಾದ ನಕ್ಷೆ

2021ರ ಜುಲೈನಲ್ಲಿ ಬಿಗ್ 12ರ ಎರಡು ಕಂಬಗಳಾದ ಟೆಕ್ಸಾಸ್ ಮತ್ತು ಓಕ್ಲಹೋಮ, ಎಸ್‌ಇಸಿ ಸೇರುವುದಾಗಿ ಪ್ರಕಟಿಸಿದವು. ಒಂದು ವರ್ಷ ಮೊದಲೇ ಹೊರಬರಲು ಎರಡೂ ಸೇರಿ 10 ಕೋಟಿ ಡಾಲರ್ ತೆರಲು ಒಪ್ಪಿದವು.

2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ, ಪ್ಯಾಕ್-12 ಬಿಟ್ಟು ಬಿಗ್ ಟೆನ್ ಸೇರುವ ಸುದ್ದಿ ಬಂತು. ಇದಾಗಿ ಎರಡು ತಿಂಗಳೊಳಗೆ ಬಿಗ್ ಟೆನ್, ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಜೊತೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಿತು. ವರದಿಗಳ ಪ್ರಕಾರ ಅದರ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು.

ಲಾಸ್ ಏಂಜಲಿಸ್ ಮಾರುಕಟ್ಟೆ ಕಳೆದುಕೊಂಡ ಪ್ಯಾಕ್-12 ಹೊಸ ಒಪ್ಪಂದಕ್ಕಾಗಿ ಪರದಾಡಿತು. ಅದರ ಹಳೆಯ ತಪ್ಪುಗಳೂ ಕಾಡಿದವು. 2012ರಲ್ಲಿ ಪಾಲುದಾರರಿಲ್ಲದೆ ತಾನೇ ಆರಂಭಿಸಿದ್ದ ವಾಹಿನಿ ಡೈರೆಕ್‌ಟಿವಿಯಂಥ ದೊಡ್ಡ ವಿತರಕರ ಪಟ್ಟಿಗೆ ಸೇರಲೇ ಇಲ್ಲ. ಪಶ್ಚಿಮದ ಸಂಜೆ ಪಂದ್ಯಗಳು ಪೂರ್ವದ ಜನ ಮಲಗುವ ಹೊತ್ತಿಗೆ ನಡೆಯುತ್ತಿದ್ದವು. ಇತ್ತ ಬಿಗ್ 12 ಚುರುಕಾಗಿ, 2022ರ ಅಕ್ಟೋಬರ್‌ನಲ್ಲೇ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಒಪ್ಪಂದ ಮುಂದುವರಿಸಿಕೊಂಡಿತು. ವಾಹಿನಿಗಳ ಜೇಬಿನಲ್ಲಿದ್ದ ಹಣದ ದೊಡ್ಡ ಪಾಲು ಅಲ್ಲಿಗೆ ಖಾಲಿಯಾಯಿತು.

2023ರ ಜುಲೈ 27ರಂದು ಕೊಲರಾಡೊ ಹೊರನಡೆಯಿತು. ಆಗಸ್ಟ್ ಆರಂಭದಲ್ಲಿ ಪ್ಯಾಕ್-12 ಮುಂದಿದ್ದದ್ದು ಆ್ಯಪಲ್‌ನ ಒಟಿಟಿ ಪ್ರಸ್ತಾಪ. ಚಂದಾದಾರರು ಹೆಚ್ಚಾದರೆ ಆದಾಯ ಏರುವ ಆ ಲೆಕ್ಕವನ್ನು ನಂಬಲು ಹಲವರು ಸಿದ್ಧರಿರಲಿಲ್ಲ. ಆಗಸ್ಟ್ 4ರ ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಹೊರಟವು. ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಸಿಸಿ ಸೇರಿದವು. ಅದೂ ಪೂರ್ಣ ಪಾಲಿಲ್ಲದೆ. ಅವುಗಳ ಜೊತೆಗೆ ಸೇರಿದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಲೀಗ್‌ನ ಟಿವಿ ಹಣವೇ ಬೇಡ ಎಂದಿತು. ದೊಡ್ಡವರ ಪಂಕ್ತಿಯಲ್ಲಿ ಎಲೆ ಸಿಕ್ಕರೆ ಸಾಕು, ಊಟ ಆಮೇಲೆ ಎಂಬ ಲೆಕ್ಕ.

ಉಳಿದದ್ದು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಕೊರ್ವಾಲಿಸ್, ಪುಲ್‌ಮನ್ ಎಂಬ ಚಿಕ್ಕ ಊರುಗಳ ಸರ್ಕಾರಿ ವಿಶ್ವವಿದ್ಯಾಲಯಗಳಿವು. ತವರು ಪಂದ್ಯದ ಶನಿವಾರಗಳೇ ಇಲ್ಲಿನ ಹೋಟೆಲು, ಅಂಗಡಿಗಳಿಗೆ ಸುಗ್ಗಿ. ಮೈದಾನದಲ್ಲಿ ಇವು ಸೋತಿರಲಿಲ್ಲ. ಸುತ್ತ ದೊಡ್ಡ ನಗರ ಇರಲಿಲ್ಲ, ಅಷ್ಟೆ. ಲೀಗ್‌ನ ಆಸ್ತಿ ಯಾರಿಗೆ ಎಂಬ ವ್ಯಾಜ್ಯದಲ್ಲಿ ಈ ಎರಡು ಸಂಸ್ಥೆಗಳು ಕೋರ್ಟ್‌ನಲ್ಲಿ ಗೆದ್ದವು. ಬಳಿಕ ಬೊಯಿಸಿ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದ ತಂಡಗಳನ್ನು ಕೂಡಿಸಿಕೊಂಡು 2026ರಿಂದ ಹೊಸ ಪ್ಯಾಕ್-12 ಕಟ್ಟುವ ಯೋಜನೆ ರೂಪಿಸಿದವು. ಅಂದರೆ, ತಮ್ಮ ಮೇಲಾದದ್ದನ್ನೇ ತಮಗಿಂತ ಚಿಕ್ಕ ಲೀಗ್ ಒಂದರ ಮೇಲೆ ಮಾಡಬೇಕಾಯಿತು!

ನೋಟ್ರೆ ಡೇಮ್‌ನಂಥ ಕೆಲವು ಅಪವಾದ ಬಿಟ್ಟರೆ ಇಂದು ದೊಡ್ಡ ಹಣವೆಲ್ಲ ನಾಲ್ಕು ಕಾನ್ಫರೆನ್ಸ್‌ಗಳ ಕೈಯಲ್ಲಿದೆ. ಅದರಲ್ಲೂ ಬಿಗ್ ಟೆನ್ ಮತ್ತು ಎಸ್‌ಇಸಿ ಬೇರೆಯೇ ಎತ್ತರದಲ್ಲಿವೆ.

ಪ್ಲೇಆಫ್: ಯಾರಿಗೆ ಎಷ್ಟು ಪಾಲು?

ಗಮನಿಸಬೇಕಾದ ಸಂಗತಿ ಎಂದರೆ, ಈ ಆಟದ ಉನ್ನತ ಹಂತದ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸುವುದು ಎನ್‌ಸಿಎಎ ಅಲ್ಲ. ಕಾನ್ಫರೆನ್ಸ್‌ಗಳು ಮತ್ತು ನೋಟ್ರೆ ಡೇಮ್ ಸೇರಿ ನಡೆಸುವ ಪ್ರತ್ಯೇಕ ವ್ಯವಸ್ಥೆ ಅದು. ಎನ್‌ಸಿಎಎಗೆ ಮುಖ್ಯ ಆದಾಯ ಬರುವುದು ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯಿಂದ.

2014ರಲ್ಲಿ ನಾಲ್ಕು ತಂಡಗಳೊಂದಿಗೆ ಶುರುವಾದ ಪ್ಲೇಆಫ್ 2024ರ ಋತುವಿನಿಂದ 12 ತಂಡಗಳಿಗೆ ಏರಿದೆ. ಇಎಸ್‌ಪಿಎನ್ ಜೊತೆಗಿನ ಆರು ವರ್ಷಗಳ ಹೊಸ ಒಪ್ಪಂದದ ಮೊತ್ತ 780 ಕೋಟಿ ಡಾಲರ್. 2026ರಿಂದ ಪ್ಲೇಆಫ್ ಆದಾಯದ ಸುಮಾರು ಶೇ 58ರಷ್ಟು ಬಿಗ್ ಟೆನ್ ಮತ್ತು ಎಸ್‌ಇಸಿ ಪಾಲಾಗಲಿದೆ ಎಂದು ವರದಿಗಳು ಹೇಳಿವೆ.

ದೊಡ್ಡ ಲೀಗ್‌ನಲ್ಲಿರುವುದು ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ 2023ರ ಫ್ಲಾರಿಡಾ ಸ್ಟೇಟ್ ಉದಾಹರಣೆ. ಎಸಿಸಿ ಚಾಂಪಿಯನ್ ಆಗಿ, 13 ಪಂದ್ಯಗಳಲ್ಲಿ 13 ಗೆದ್ದರೂ ಆಯ್ಕೆ ಸಮಿತಿ ಅದನ್ನು ನಾಲ್ವರ ಪ್ಲೇಆಫ್‌ಗೆ ಪರಿಗಣಿಸಲಿಲ್ಲ. ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದು ಸಮಿತಿ ಕೊಟ್ಟ ಕಾರಣ. ಅದೇ ಡಿಸೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್ ತನ್ನದೇ ಲೀಗ್ ವಿರುದ್ಧ ಮೊಕದ್ದಮೆ ಹೂಡಿತು. ಕ್ಲೆಮ್ಸನ್ ಕೂಡ ಅದೇ ಹಾದಿ ಹಿಡಿಯಿತು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಹೆಚ್ಚು ವೀಕ್ಷಕರನ್ನು ಸೆಳೆಯುವ ತಂಡಕ್ಕೆ ಹೆಚ್ಚು ಹಣ ಎಂಬ ಸೂತ್ರವನ್ನು ಎಸಿಸಿ ಒಪ್ಪಿಕೊಂಡಿತು.

ಆಟಗಾರರಿಗೆ ಸಿಕ್ಕಿದ್ದೇನು?

ಇಷ್ಟೆಲ್ಲ ಹಣ ಹರಿದಾಡುವಾಗ ಆಟಗಾರರಿಗೆ ಸಿಗುತ್ತಿದ್ದದ್ದು ಬೋಧನಾ ಶುಲ್ಕ, ವಸತಿ, ಊಟದ ವಿದ್ಯಾರ್ಥಿವೇತನ. ಅವರು ನೌಕರರಲ್ಲ, 'ವಿದ್ಯಾರ್ಥಿ ಕ್ರೀಡಾಪಟು'ಗಳು ಎಂಬುದು ಎನ್‌ಸಿಎಎ ನಿಲುವು. ಮೈದಾನದಲ್ಲಿ ಗಾಯಗೊಂಡವರು, ಮೃತಪಟ್ಟವರ ಕುಟುಂಬಗಳು ಕಾರ್ಮಿಕ ಪರಿಹಾರ ಕೇಳಬಾರದು ಎಂಬ ಉದ್ದೇಶವೂ 1950ರ ದಶಕದ ಆ ಪದದ ಹಿಂದೆ ಇತ್ತು.

ಕೋಚ್‌ಗಳಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ಫುಟ್‌ಬಾಲ್ ಕೋಚ್. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಕೋಚ್ ಜಿಂಬೊ ಫಿಶರ್ ಅವರನ್ನು ಕೈಬಿಟ್ಟಾಗ, ಉಳಿದ ಒಪ್ಪಂದಕ್ಕಾಗಿ ಕೊಡಬೇಕಾದ ಮೊತ್ತ 7.5 ಕೋಟಿ ಡಾಲರ್ ದಾಟಿತ್ತು. ಅದು ಕೆಲಸ ಮಾಡಿದ್ದಕ್ಕಲ್ಲ, ಮಾಡದೇ ಇರುವುದಕ್ಕೆ!

ಗೋಡೆ ಬಿರುಕು ಬಿಟ್ಟದ್ದು ಕೋರ್ಟ್‌ಗಳಲ್ಲಿ. 2021ರ ಜೂನ್ 21ರ ಆಲ್‌ಸ್ಟನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 9-0 ಅಂತರದಿಂದ ಎನ್‌ಸಿಎಎ ವಿರುದ್ಧ ನಿಂತಿತು. ಹತ್ತು ದಿನಗಳಲ್ಲೇ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತು ಹಣ ಪಡೆಯಲು ಅವಕಾಶ ಸಿಕ್ಕಿತು. ಎನ್‌ಐಎಲ್ ಎಂದು ಕರೆಯುವುದು ಇದನ್ನೇ. ತಂಡ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮವೂ ಸಡಿಲವಾಯಿತು. ಶ್ರೀಮಂತ ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿ ಆಟಗಾರರನ್ನು ಸೆಳೆಯತೊಡಗಿದರು. 2024ರ ಋತುವಿನಲ್ಲಿ ಚಾಂಪಿಯನ್ ಆದ ಒಹಾಯೊ ಸ್ಟೇಟ್ ತಂಡದ ಆಟಗಾರರಿಗೆ ಹೀಗೆ ಸಂದದ್ದು ಸುಮಾರು 2 ಕೋಟಿ ಡಾಲರ್.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 'ಹೌಸ್' ಪ್ರಕರಣದ ರಾಜಿಗೆ ಒಪ್ಪಿಗೆ ನೀಡಿದರು. ಇದರಂತೆ 2016ರಿಂದೀಚೆಗೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. 2025-26ಕ್ಕೆ ಒಂದು ಸಂಸ್ಥೆಗೆ ಮಿತಿ 2.05 ಕೋಟಿ ಡಾಲರ್.

ಕಳೆದುಕೊಂಡವರು ಯಾರು?

ಆಟಗಾರರಿಗೆ ಪಾಲು ಸಿಕ್ಕಿದ್ದು ನ್ಯಾಯವೇ ಎಂದು ಬಹುತೇಕರು ಒಪ್ಪುತ್ತಾರೆ. ತಕರಾರು ಇರುವುದು ಆ ಹಣ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ. ಅಮೆರಿಕದಲ್ಲಿ ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್, ಅಥ್ಲೆಟಿಕ್ಸ್‌ನಂಥ ಕ್ರೀಡೆಗಳ ಖರ್ಚನ್ನು ಬಹುಮಟ್ಟಿಗೆ ಹೊರುವುದು ಫುಟ್‌ಬಾಲ್ ಆದಾಯ. ಆ ದೇಶದ ಒಲಿಂಪಿಕ್ಸ್ ತಂಡದ ದೊಡ್ಡ ಪಾಲು ತಯಾರಾಗುವುದು ಇದೇ ಕಾಲೇಜುಗಳಲ್ಲಿ.

ಭಾರತಕ್ಕೂ ಇಲ್ಲೊಂದು ನಂಟಿದೆ. ದೆಹಲಿಯ ಹೈಜಂಪ್ ಪಟು ತೇಜಸ್ವಿನ್ ಶಂಕರ್ ಕ್ರೀಡಾ ವಿದ್ಯಾರ್ಥಿವೇತನ ಪಡೆದು ಬಿಗ್ 12ರ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದರು. 2018 ಮತ್ತು 2022ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ತಂದರು. ಫುಟ್‌ಬಾಲ್ ಆಟಗಾರರಿಗೆ ಕೋಟಿಗಟ್ಟಲೆ ಹೋದ ಮೇಲೆ ಇಂಥ ವಿದ್ಯಾರ್ಥಿವೇತನಗಳು ಎಷ್ಟು ಉಳಿಯುತ್ತವೆ ಎಂಬುದು ಈಗಿನ ಆತಂಕ. ಹೊಸ ಹಣದಲ್ಲಿ ಹಲವು ಸಂಸ್ಥೆಗಳು ಸುಮಾರು ಮುಕ್ಕಾಲು ಪಾಲನ್ನು ಫುಟ್‌ಬಾಲ್‌ಗೇ ಮೀಸಲಿಟ್ಟಿವೆ. ಬಾಕಿ ಹಣದ ಹಂಚಿಕೆ ಲಿಂಗ ಸಮಾನತೆಯ 1972ರ 'ಟೈಟಲ್ 9' ಕಾಯ್ದೆಗೆ ವಿರುದ್ಧ ಎಂದು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿದ್ದಾರೆ.

ಪ್ರಯಾಣದ ಹೊರೆ ಬೇರೆ. ಲಾಸ್ ಏಂಜಲಿಸ್‌ನಿಂದ ರಟ್‌ಗರ್ಸ್ ಇರುವ ನ್ಯೂಜೆರ್ಸಿಗೆ ಸುಮಾರು 3,900 ಕಿ.ಮೀ. ಬೆಂಗಳೂರು-ದೆಹಲಿ ವಿಮಾನ ದೂರದ ಎರಡು ಪಟ್ಟಿಗೂ ಹೆಚ್ಚು. ಫುಟ್‌ಬಾಲ್ ತಂಡ ವಾರಕ್ಕೊಂದೇ ಪಂದ್ಯ ಆಡುತ್ತದೆ, ವಿಶೇಷ ವಿಮಾನದಲ್ಲಿ ಹೋಗುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ತಂಡದ ಹುಡುಗಿಯರು ವಾರದ ಮಧ್ಯೆಯೂ ಆಡಬೇಕು, ತರಗತಿಗೂ ಹಾಜರಾಗಬೇಕು. ಟಿವಿ ಹಣ ಬಂದದ್ದು ಫುಟ್‌ಬಾಲ್‌ಗೆ, ನಿದ್ದೆಗೆಟ್ಟದ್ದು ಇವರದ್ದು.

ಹಳೆಯ ಪೈಪೋಟಿಗಳೂ ನಿಂತಿವೆ. ಓಕ್ಲಹೋಮ ಮತ್ತು ಓಕ್ಲಹೋಮ ಸ್ಟೇಟ್ ನಡುವಿನ 'ಬೆಡ್ಲಮ್' ಪಂದ್ಯ ಮೊದಲು ನಡೆದದ್ದು 1904ರಲ್ಲಿ. 2023ರ ನವೆಂಬರ್‌ನಲ್ಲಿ ಓಕ್ಲಹೋಮ ಸ್ಟೇಟ್ 27-24ರಿಂದ ಗೆದ್ದ ನಂತರ ಆ ಸರಣಿ ಸ್ಥಗಿತಗೊಂಡಿದೆ. ಇದಕ್ಕೆ ವಿರುದ್ಧವಾಗಿ, 2011ರಲ್ಲಿ ನಿಂತಿದ್ದ ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಆ್ಯಂಡ್ ಎಂ ಪಂದ್ಯ, ಎರಡೂ ಎಸ್‌ಇಸಿಯಲ್ಲಿ ಒಂದಾದ್ದರಿಂದ 2024ರಲ್ಲಿ ಮರಳಿದೆ.

ಮನೆ ಒಡೆದಾಗ ಲೆಕ್ಕ ಹಂಚಿದಂಥ ಪ್ರಸಂಗವೂ ನಡೆದಿದೆ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಒಂದೇ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದವು. ಒಂದು ಹೊರಟದ್ದರಿಂದ ಇನ್ನೊಂದಕ್ಕೆ ನಷ್ಟವಾಯಿತೆಂದು, ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡಬೇಕೆಂದು ಆಡಳಿತ ಮಂಡಳಿ 2024ರಲ್ಲಿ ತೀರ್ಮಾನಿಸಿತು.

ಮುಂದೇನು?

ಮುಖ್ಯವಾಗಿ ಮೂರು ದಾರಿಗಳು ಚರ್ಚೆಯಲ್ಲಿವೆ.

1. ಒಟ್ಟಾಗಿ ಮಾರುವುದು: 1961ರ ಕ್ರೀಡಾ ಪ್ರಸಾರ ಕಾಯ್ದೆಗೆ ತಿದ್ದುಪಡಿ ತಂದು ಕಾಲೇಜುಗಳೂ ಐಪಿಎಲ್, ಎನ್‌ಎಫ್‌ಎಲ್ ಮಾದರಿಯಲ್ಲಿ ಹಕ್ಕುಗಳನ್ನು ಒಟ್ಟಿಗೆ ಮಾರಲಿ ಎಂಬ ವಾದ. ಹಾಗಾದರೆ ಲೀಗ್‌ಗಳನ್ನು ಮತ್ತೆ ಭೂಗೋಳಕ್ಕೆ ತಕ್ಕಂತೆ ಜೋಡಿಸಬಹುದು, ಸಣ್ಣ ತಂಡಗಳಿಗೂ ಪಾಲು ಸಿಗುತ್ತದೆ ಎನ್ನುತ್ತಾರೆ ಬೆಂಬಲಿಗರು. ಬಿಗ್ ಟೆನ್ ಮತ್ತು ಎಸ್‌ಇಸಿ ಇದನ್ನು ವಿರೋಧಿಸಿವೆ. ಮೇಲಿನ ತುದಿಯಲ್ಲಿರುವವರಿಗೆ ಹಂಚಿಕೆ ಲಾಭದ ಮಾತಲ್ಲ.

2. ಕಾನೂನಿನ ರಕ್ಷಣೆ: ಎನ್‌ಸಿಎಎ ಮತ್ತು ದೊಡ್ಡ ಲೀಗ್‌ಗಳು ಕೇಳುತ್ತಿರುವುದು ಸ್ಪರ್ಧಾ ಕಾನೂನಿನಿಂದ ಸೀಮಿತ ವಿನಾಯಿತಿ. 2025ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ 'ಸ್ಕೋರ್' ಮಸೂದೆಯಲ್ಲಿ ಇದಿದೆ. ಆಟಗಾರರನ್ನು ನೌಕರರೆಂದು ಪರಿಗಣಿಸಬಾರದು ಎಂಬ ಅಂಶವೂ ಇದೆ. ಆಟಗಾರರ ಪರ ಇರುವವರ ಆಕ್ಷೇಪ ಇದಕ್ಕೇ.

3. ಹೊರಗಿನ ಬಂಡವಾಳ: ಖಾಸಗಿ ಹೂಡಿಕೆದಾರರಿಗೆ ಪಾಲು ಕೊಟ್ಟು ಹಣ ತರುವ ದಾರಿ. 2025ರಲ್ಲಿ ಬಿಗ್ ಟೆನ್‌ನಲ್ಲಿ 240 ಕೋಟಿ ಡಾಲರ್‌ನ ಇಂಥ ಪ್ರಸ್ತಾಪ ಬಂದಾಗ ಮಿಷಿಗನ್ ಮತ್ತು ಯುಎಸ್‌ಸಿ ಒಪ್ಪಲಿಲ್ಲ. ಇಂದು ಬಂದ ಹಣಕ್ಕಾಗಿ ಮುಂದಿನ ಪೀಳಿಗೆಯ ಆದಾಯ ಅಡವಿಡುವುದು ಸರಿಯೇ ಎಂಬುದು ಇಲ್ಲಿರುವ ಪ್ರಶ್ನೆ.

ಇವುಗಳಲ್ಲಿ ಯಾವುದೂ ಇತ್ಯರ್ಥವಾಗುವ ಮುನ್ನವೇ ಮುಂದಿನ ಸುತ್ತು ಬರಬಹುದು. ಬಿಗ್ ಟೆನ್‌ನ ಈಗಿನ ಟಿವಿ ಒಪ್ಪಂದ 2030ರ ಹೊತ್ತಿಗೆ, ಬಿಗ್ 12ರದ್ದು ಅದರ ಮರುವರ್ಷ ಮುಗಿಯುತ್ತದೆ. ಎಸಿಸಿ ಬಿಟ್ಟು ಹೋಗುವ ದಂಡದ ಮೊತ್ತವೂ ಅಷ್ಟರಲ್ಲಿ ಗಣನೀಯವಾಗಿ ಇಳಿದಿರುತ್ತದೆ. ಆಗ ಎರಡು ದೊಡ್ಡ ಲೀಗ್‌ಗಳು ಉಳಿದ ದೊಡ್ಡ ಹೆಸರುಗಳನ್ನೂ ಸೆಳೆದುಕೊಂಡರೆ ಪುಲ್‌ಮನ್, ಕೊರ್ವಾಲಿಸ್‌ನಂಥ ಊರುಗಳ ಪಟ್ಟಿ ಇನ್ನಷ್ಟು ಉದ್ದವಾಗಲಿದೆ.